ಹಳೆಯ ಕ್ಯಾನ್ವಾಸಿನ ಮೇಲೆ ನಿಮ್ಮ ಚಿತ್ರ: ಮೊದಲು ಕೆಳಗೇನಿದೆ ನೋಡಿ

ಪ್ರಶ್ನೆ: ಯಾರೋ ಬಳಸಿ ಬಿಟ್ಟಿದ್ದ 60×90 ಸೆಂ.ಮೀ. ಅಳತೆಯ ಕ್ಯಾನ್ವಾಸ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದೇನೆ. ಅದರ ಮೇಲೆ ಹೂದಾನಿಯ ಚಿತ್ರವಿದೆ. ಬೆರಳಾಡಿಸಿದರೆ ಬ್ರಶ್ ಎಳೆದ ಗೆರೆಗಳು ಉಬ್ಬುಬ್ಬಾಗಿ ಸಿಗುತ್ತವೆ, ಮೇಲ್ಮೈ ಹೊಳೆಯುತ್ತದೆ. ಒಂದು ಮೂಲೆ ಸಡಿಲವಾಗಿದೆ, ನಡುವೆ ಒಂದು ಕಡೆ ತಗ್ಗು ಬಿದ್ದಿದೆ. ಇದರ ಮೇಲೆ ನಾನೇ ಚಿತ್ರ ಬರೆದು ಹಾಲ್‌ನ ಗೋಡೆಗೆ ಹಾಕಬೇಕೆಂದು ಆಸೆ. ಮೂಲೆಯಲ್ಲಿ ಒಂದಿಷ್ಟು ಬಿಳಿ ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಬಳಿದು ನೋಡಿದೆ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಸಿಪ್ಪೆಯ ಹಾಗೆ ಎದ್ದು ಬಂತು. ಚಿತ್ರ ಬರೆಯುವ ಮೊದಲು ತಳಕ್ಕೆ ಬಳಿಯುವ ಬಿಳಿ ಜೆಸ್ಸೋ ಹಚ್ಚಿದರೆ ಸರಿಹೋಗುತ್ತದೆಯೇ? ಶಾಲೆ ಬಿಟ್ಟ ಮೇಲೆ ನಾನು ಬ್ರಶ್ ಹಿಡಿದವಳಲ್ಲ. ಏನು ಬರೆಯಬೇಕು ಎನ್ನುವುದೂ ತೋಚುತ್ತಿಲ್ಲ.

ಉತ್ತರ: ಮೂಲೆಯಲ್ಲಿ ಬಳಿದು, ಒಣಗಲು ಬಿಟ್ಟು, ಉಗುರಿನಿಂದ ಕೆರೆದು ನೋಡಿದಿರಲ್ಲ, ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಹೆಚ್ಚಿನವರು ಅಷ್ಟೂ ನೋಡುವುದಿಲ್ಲ. ಒಂದು ಡಬ್ಬಿ ಜೆಸ್ಸೋ ತಂದು ಹಳೆಯ ಚಿತ್ರವನ್ನು ಬೆಳ್ಳಗೆ ಮುಚ್ಚಿ, ಅದರ ಮೇಲೆ ವಾರಗಟ್ಟಲೆ ಕೂತು ಬರೆಯುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಕಲಿಯುವ ದಿನಗಳಲ್ಲಿ ಹಳೆಯದೊಂದು ಭೂದೃಶ್ಯದ ಕ್ಯಾನ್ವಾಸ್ ಸಿಕ್ಕಿತ್ತು. ಮೂರು ಪದರ ಜೆಸ್ಸೋ ಹಚ್ಚಿ ಒಂದು ತಿಂಗಳು ಅದರ ಮೇಲೆ ಅಕ್ರಿಲಿಕ್‌ನಲ್ಲಿ ಕೆಲಸ ಮಾಡಿದೆ. ನಾಲ್ಕು ತಿಂಗಳ ನಂತರ ಒಂದು ಮೂಲೆ ಸುರುಳಿಯಾಗಿ ಎದ್ದಿತ್ತು. ಹಿಡಿದು ಮೆಲ್ಲಗೆ ಎಳೆದೆ. ಅಂಗೈ ಅಗಲದ ಹಾಳೆ ಸದ್ದಿಲ್ಲದೆ ಬಿಚ್ಚಿಕೊಂಡು ಬಂತು. ಅದನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಹಳೆಯ ಚಿತ್ರದ ಬಿರುಕುಗಳೆಲ್ಲ ಅಚ್ಚೊತ್ತಿದ ಹಾಗೆ ಮೂಡಿದ್ದವು. ಕೆಳಗೆ ಹಳೆಯ ಆಕಾಶ ಒಂದಿಷ್ಟೂ ಕೆಡದೆ ಹಾಗೆಯೇ ಇತ್ತು. ನನ್ನ ಚಿತ್ರ ಅದಕ್ಕೆ ಅಂಟಿರಲೇ ಇಲ್ಲ, ಇಷ್ಟು ದಿನ ಬರೀ ಹೊದ್ದುಕೊಂಡು ಕೂತಿತ್ತು.

ಆ ಕ್ಯಾನ್ವಾಸ್ ತೈಲವರ್ಣದ್ದು. ತೈಲವರ್ಣದ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಇಂದು ಡಬ್ಬಿಗಳಲ್ಲಿ ಸಿಗುವ ಜೆಸ್ಸೋ ಕೂಡ ಅಕ್ರಿಲಿಕ್ಕೇ, ಆದ್ದರಿಂದ ಅದೂ ನಿಲ್ಲುವುದಿಲ್ಲ. ಜೆಸ್ಸೋ ಎಂದರೆ ಇಟಾಲಿಯನ್ ಭಾಷೆಯಲ್ಲಿ ಜಿಪ್ಸಂ, ಸೀಮೆಸುಣ್ಣದಂಥ ಬಿಳಿಪುಡಿ. ಹಿಂದೆ ಆ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಹಚ್ಚುತ್ತಿದ್ದರು. ಈಗ ಅಂಟಿನ ಜಾಗದಲ್ಲಿ ಅಕ್ರಿಲಿಕ್ ರಾಳ ಬಂದಿದೆ. ಹೆಸರು ಹಳೆಯದೇ ಉಳಿದಿರುವುದರಿಂದ ಜೆಸ್ಸೋ ಹಚ್ಚಿದರೆ ಯಾವ ಮೇಲ್ಮೈಯೂ ಹೊಸದಾಗುತ್ತದೆ ಎಂಬ ನಂಬಿಕೆ ಬೆಳೆದಿದೆ. ಜೆಸ್ಸೋ ಗಟ್ಟಿಯಾಗಿ ಕೂರುವುದು ಅದನ್ನು ಹಿಡಿದುಕೊಳ್ಳುವ ನೆಲದ, ಅಂದರೆ ತಳದ ಪದರದ, ಮೇಲೆ ಮಾತ್ರ. ಹಾಗಾಗಿ ಜೆಸ್ಸೋ ಸಾಕೇ ಎಂದು ಕೇಳುವ ಮೊದಲು, ಈಗ ಕ್ಯಾನ್ವಾಸಿನ ಮೇಲೆ ಇರುವುದೇನು ಎಂದು ತಿಳಿದುಕೊಳ್ಳಬೇಕು.

ನಿಮ್ಮ ವಿವರಣೆಯಲ್ಲಿ ನನಗೆ ಒಂದು ಸುಳಿವು ಸಿಕ್ಕಿದೆ. ಹಗಲು ಬೆಳಕಿನಲ್ಲಿ ಕ್ಯಾನ್ವಾಸನ್ನು ಓರೆಯಾಗಿ ಹಿಡಿಯಿರಿ. ಉಬ್ಬಿದ ಒಂದು ಬ್ರಶ್ ಗೆರೆಯನ್ನು ಆರಿಸಿಕೊಂಡು ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಕೈಯಿಂದ ಬರೆದ ಚಿತ್ರವಾದರೆ ಗೆರೆಗೂ ಬಣ್ಣಕ್ಕೂ ನಂಟಿರುತ್ತದೆ. ಕೆಂಪು ಎಸಳಿನ ಗೆರೆ ಎಸಳಿನಲ್ಲೇ ಮುಗಿಯುತ್ತದೆ, ಅಥವಾ ಪಕ್ಕದ ಹಸಿರಿಗೆ ಇಳಿದರೆ ಎರಡೂ ಬಣ್ಣ ಕಲೆಸಿಕೊಂಡಿರುತ್ತವೆ. ಅಲಂಕಾರಕ್ಕೆಂದು ಕಾರ್ಖಾನೆಯಲ್ಲಿ ತಯಾರಾಗುವ ಕ್ಯಾನ್ವಾಸುಗಳಲ್ಲಿ ಹೀಗಿರುವುದಿಲ್ಲ. ಅಲ್ಲಿ ಚಿತ್ರವನ್ನು ಬಟ್ಟೆಯ ಮೇಲೆ ಮುದ್ರಿಸಿರುತ್ತಾರೆ. ಆಮೇಲೆ ಬಣ್ಣವಿಲ್ಲದ ಪಾರದರ್ಶಕ ಜೆಲ್ಲನ್ನು ಬ್ರಶ್ಶಿನಿಂದ ಎಳೆದು ಕೈಯಿಂದ ಬರೆದ ಚಿತ್ರದ ಭ್ರಮೆ ಹುಟ್ಟಿಸುತ್ತಾರೆ. ಅಲ್ಲಿ ಒಂದೇ ಗೆರೆ ಕೆಂಪು ಎಸಳನ್ನು ದಾಟಿ, ಎಲೆಯನ್ನು ದಾಟಿ, ಹಿನ್ನೆಲೆಯವರೆಗೂ ಹೋಗುತ್ತದೆ, ಆದರೆ ಯಾವ ಬಣ್ಣವೂ ಅದರ ಜೊತೆ ಹೊರಟಿರುವುದಿಲ್ಲ. ಭೂತಗನ್ನಡಿ ಇದ್ದರೆ ಮುದ್ರಣದ ಸಣ್ಣ ಸಣ್ಣ ಚುಕ್ಕೆಗಳೂ ಕಾಣುತ್ತವೆ. ಮೇಲ್ಮೈ ಎಲ್ಲ ಕಡೆ ಒಂದೇ ಸಮ ಹೊಳೆಯುತ್ತಿದ್ದರೆ ನಿಮ್ಮದು ಬಹುತೇಕ ಇದೇ ಜಾತಿಯದು ಎಂದು ನನ್ನ ಊಹೆ.

ಊಹೆಯನ್ನು ಪರೀಕ್ಷಿಸಲು ಕಿವಿಗೆ ಬಳಸುವ ಹತ್ತಿಕಡ್ಡಿ, ನೀರು ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಗಾಯ ಒರೆಸುವ ಸ್ಪಿರಿಟ್ ಎಂದು ಸಿಗುವ 70 ಶೇಕಡಾದ್ದೂ ಆದೀತು. ಮೊದಲು ನೀರಿನಲ್ಲಿ ನೆನೆಸಿದ ಕಡ್ಡಿಯಿಂದ ಅಂಚಿನ ಒಂದು ಜಾಗವನ್ನು ಉಜ್ಜಿ. ಬಣ್ಣ ಬಂದರೆ ಕೆಳಗಿರುವುದು ನೀರಿಗೆ ಕರಗುವ ಶಾಯಿ, ಅಥವಾ ಪೋಸ್ಟರ್ ಬಣ್ಣ. ಬರದಿದ್ದರೆ ಇನ್ನೊಂದು ಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ, ಬೇರೊಂದು ಜಾಗದಲ್ಲಿ ಒಂದು ನಿಮಿಷ ಒತ್ತಿ ಹಿಡಿದು, ಹತ್ತು ಹದಿನೈದು ಸಲ ಉಜ್ಜಿ. ಮೇಲ್ಮೈ ಮೆತ್ತಗಾಗಿ ಬೆರಳಿಗೆ ಅಂಟಂಟಾದರೆ, ಹತ್ತಿಗೆ ಬಣ್ಣ ಹತ್ತಿದರೆ, ಅದು ಅಕ್ರಿಲಿಕ್ ಅಥವಾ ಅಕ್ರಿಲಿಕ್ ಜೆಲ್. ಏನೂ ಆಗದೆ ಹತ್ತಿ ಬೆಳ್ಳಗೇ ಉಳಿದರೆ ಚೆನ್ನಾಗಿ ಒಣಗಿದ ತೈಲವರ್ಣ ಎಂದು ಅನುಮಾನಿಸಿ. ಹತ್ತಿಗೆ ಹಳದಿ ಅಥವಾ ಕಂದು ಕಲೆ ಮಾತ್ರ ಬಂದರೆ ಬಂದದ್ದು ಬಣ್ಣವಲ್ಲ, ಮೇಲಿನ ರಾಳದ ವಾರ್ನಿಶ್. ಆಗ ಅದೇ ಜಾಗದಲ್ಲಿ ಹೊಸ ಕಡ್ಡಿಯಿಂದ ಮತ್ತೊಮ್ಮೆ ನೋಡಿ.

ಹಿಂಬದಿಯೂ ಮಾತಾಡುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಕಲಾವಿದರ ಕೈಗೆ ಬಂದದ್ದು 1950ರ ದಶಕದಲ್ಲಿ. ಬಟ್ಟೆ ಕಂದುಗಟ್ಟಿದ್ದು, ಮರಕ್ಕೆ ಸ್ಟೇಪಲ್ ಪಿನ್‌ಗಳ ಬದಲು ಸಣ್ಣ ಮೊಳೆಗಳನ್ನು ಹೊಡೆದಿದ್ದು, ಮುಂಬದಿಯಲ್ಲಿ ಜೇಡರ ಬಲೆಯಂಥ ಬಿರುಕುಗಳಿದ್ದರೆ ಅದು ಅದಕ್ಕಿಂತ ಹಳೆಯ ತೈಲಚಿತ್ರವಿರಬಹುದು. ಸಹಿ, ಹಳೆಯ ಚೀಟಿ, ಪ್ರದರ್ಶನದ ಅಂಕಿ ಏನಾದರೂ ಕಂಡರೆ ಬ್ರಶ್ ಕೆಳಗಿಟ್ಟು ಮೊದಲು ಬಲ್ಲವರಿಗೆ ತೋರಿಸಿ. ಹಣದ ಲೆಕ್ಕಕ್ಕಾಗಿ ಹೇಳುತ್ತಿಲ್ಲ. ಯಾರೋ ಮನಸ್ಸಿಟ್ಟು ಬರೆದದ್ದನ್ನು ತಿಳಿಯದೆ ಅಳಿಸಿಬಿಟ್ಟೆನಲ್ಲ ಎಂಬ ನೋವು ಆಮೇಲೆ ಹೋಗುವುದಿಲ್ಲ.

ಬರೆದದ್ದರ ಮೇಲೆ ಬರೆಯುವುದು ತಪ್ಪು ಎಂದೂ ನಾನು ಹೇಳುವುದಿಲ್ಲ. ವಿನ್ಸೆಂಟ್ ವ್ಯಾನ್ ಗೋ 1887ರಲ್ಲಿ ಪ್ಯಾರಿಸ್‌ನಲ್ಲಿ ಹುಲ್ಲುಗಾವಲಿನ ಒಂದು ತುಣುಕನ್ನು ಬರೆದ. ಅದರ ಕೆಳಗೆ ಅವನೇ ಹಿಂದೆ ಬರೆದಿದ್ದ ರೈತ ಹೆಂಗಸೊಬ್ಬಳ ಮುಖವಿದೆ. 2008ರಲ್ಲಿ ಎಕ್ಸ್‌ರೇ ತಂತ್ರದಿಂದ ಆ ಮುಖದ ಬಣ್ಣಗಳನ್ನೂ ವಿಜ್ಞಾನಿಗಳು ಬಿಡಿಸಿ ತೋರಿಸಿದರು. ಪಿಕಾಸೊನ 1901ರ ‘ನೀಲಿ ಕೋಣೆ’ಯ ಕೆಳಗೆ ಗಡ್ಡದ ಗಂಡಸೊಬ್ಬ ಕೆನ್ನೆಗೆ ಕೈಕೊಟ್ಟು ಕೂತಿದ್ದಾನೆ. ಆ ಸುದ್ದಿ ಹೊರಬಂದದ್ದು 2014ರಲ್ಲಿ. ಇಬ್ಬರೂ ಆ ದಿನಗಳಲ್ಲಿ ಕೈಯಲ್ಲಿ ಕಾಸಿಲ್ಲದವರು, ಹೊಸ ಕ್ಯಾನ್ವಾಸ್ ದುಬಾರಿಯಾಗಿತ್ತು. ನಮಗೆ ಅವರಿಂದ ಇನ್ನೊಂದು ಉಪಯೋಗದ ಪಾಠವಿದೆ. ತೈಲವರ್ಣ ಹಳತಾದಂತೆ ತುಸು ಪಾರದರ್ಶಕವಾಗುತ್ತದೆ, ಕೆಳಗಿನ ಆಕಾರಗಳು ಮೆಲ್ಲಗೆ ಮೇಲೆ ಕಾಣತೊಡಗುತ್ತವೆ. ಕೆಳಗಿನ ಚಿತ್ರದ ದಪ್ಪ ಗೆರೆಗಳಂತೂ ಮೊದಲ ದಿನವೇ ಕಾಣುತ್ತವೆ. ಬಣ್ಣದಿಂದ ಬಣ್ಣವನ್ನು ಮುಚ್ಚಬಹುದು, ಉಬ್ಬನ್ನು ಮುಚ್ಚಲಾಗದು.

ನಿಮ್ಮ ಪರೀಕ್ಷೆಯಲ್ಲಿ ತೈಲವರ್ಣ ಎಂದು ತಿಳಿದುಬಂದರೆ ಮುಂದಿನ ದಾರಿ ಬೇರೆ. ಅದರ ಮೇಲೆ ತೈಲವರ್ಣದಲ್ಲೇ ಬರೆಯಿರಿ, ಇಲ್ಲವೇ ಹಳೆಯ ಬಟ್ಟೆಯನ್ನು ಬಿಚ್ಚಿಟ್ಟು ಅದೇ ಮರದ ಚೌಕಟ್ಟಿಗೆ ಹೊಸ ಬಟ್ಟೆ ಬಿಗಿಯಿರಿ. ಶುರು ಮಾಡುತ್ತಿರುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ನೇರವಾದ, ಬಾಗದ ಚೌಕಟ್ಟು ಸಿಕ್ಕಿತಲ್ಲ, ಅದೇ ದೊಡ್ಡದು. ಏನೇ ಮಾಡಿದರೂ ಹಳೆಯ ತೈಲಚಿತ್ರವನ್ನು ಒಣ ಸ್ಯಾಂಡ್ ಪೇಪರಿನಿಂದ ಉಜ್ಜಬೇಡಿ. 20ನೇ ಶತಮಾನದ ಮೊದಲ ಭಾಗದವರೆಗೂ ತೈಲವರ್ಣದ ಬಿಳಿ ಎಂದರೆ ಹೆಚ್ಚಾಗಿ ಸೀಸದ ಬಿಳಿಯೇ. ಅದರ ಧೂಳು ಉಸಿರಿನೊಳಗೆ ಹೋದರೆ ವಿಷ. ಮನೆಯಲ್ಲಿ ಮಕ್ಕಳಿದ್ದರಂತೂ ಆ ಯೋಚನೆಯೇ ಬೇಡ.

ಈಗ ನಿಮ್ಮ ಹೂದಾನಿಗೆ ಬರೋಣ. ಅದು ಜೆಲ್ ಎಳೆದ ಮುದ್ರಣವೇ ಎಂದಿಟ್ಟುಕೊಂಡು ಹೇಳುತ್ತೇನೆ. ಕೈಯಿಂದ ಬರೆದ ಅಕ್ರಿಲಿಕ್ ಆಗಿದ್ದರೂ ಇದೇ ಕ್ರಮ ನಡೆಯುತ್ತದೆ.

ಬಣ್ಣಕ್ಕೆ ಕೈಹಾಕುವ ಮೊದಲು ಬಟ್ಟೆ ಬಿಗಿಯಾಗಬೇಕು. ಸಡಿಲ ಬಟ್ಟೆಯ ಮೇಲೆ ಬ್ರಶ್ ಒತ್ತಿದಾಗಲೆಲ್ಲ ಹಿಂದಿನ ಮರದ ಪಟ್ಟಿ ತಾಗಿ, ಅಂಚಿನ ಉದ್ದಕ್ಕೂ ಒಂದು ಗೆರೆ ಮೂಡಿಬಿಡುತ್ತದೆ. ಮೊದಲು ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಸಮನಾಗಿದ್ದರೆ ಚೌಕಟ್ಟು ಓರೆಯಾಗಿಲ್ಲ. ಆಮೇಲೆ ಸಮತಟ್ಟಾದ ನೆಲದ ಮೇಲೆ ಮಲಗಿಸಿ, ನಾಲ್ಕೂ ಮೂಲೆ ನೆಲಕ್ಕೆ ತಾಗುತ್ತವೆಯೇ ನೋಡಿ. ಒಂದು ಮೂಲೆ ಎದ್ದು ನಿಂತರೆ ಮರ ತಿರುಚಿಕೊಂಡಿದೆ ಎಂದು ಅರ್ಥ. ಅದನ್ನು ಸರಿಮಾಡುವುದು ಕಷ್ಟ, ಅಂಥ ಚೌಕಟ್ಟಿನ ಮೇಲೆ ಶ್ರಮ ಹಾಕಬೇಡಿ.

ತಗ್ಗಿಗೆ ಮದ್ದು ಸುಲಭ. ಕ್ಯಾನ್ವಾಸನ್ನು ಬೋರಲು ಹಾಕಿ, ತಗ್ಗಿನ ಹಿಂಬದಿಗೆ ಉಗುರುಬೆಚ್ಚಗಿನ ನೀರನ್ನು ಸ್ಪ್ರೇ ಮಾಡಿ. ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಕೈಯಿಂದ ಒಮ್ಮೆ ಸವರಿ ನಿಲ್ಲಿಸಿಡಿ. ಹತ್ತಿಯ ನೂಲು ಒಣಗುತ್ತಾ ಕುಗ್ಗಿ ತಗ್ಗನ್ನು ತಾನೇ ಎಳೆದುಕೊಳ್ಳುತ್ತದೆ. ನೀರು ಒಳಗಿಳಿಯದೆ ಮಣಿಗಳಾಗಿ ಉರುಳಿದರೆ ಬಟ್ಟೆ ಬಹುಶಃ ಹತ್ತಿಯದಲ್ಲ, ಪಾಲಿಯೆಸ್ಟರ್. ಅದು ಹೀಗೆ ಕುಗ್ಗುವುದಿಲ್ಲ. ಆಗ ಆ ಬದಿಯ ಪಿನ್‌ಗಳನ್ನು ಕಿತ್ತು ಎಳೆದು ಮತ್ತೆ ಹೊಡೆಯಬೇಕು. ಮೂಲೆ ಸಡಿಲವಾಗಿದೆ ಎಂದಿರಿ. ಚೌಕಟ್ಟಿನ ಒಳಮೂಲೆಗಳಲ್ಲಿ ಸೀಳಿನಂಥ ಜಾಗ ಇದೆಯೇ ನೋಡಿ. ಇದ್ದರೆ ಅದು ಮರದ ಬೆಣೆ ಕೂರಿಸುವ ಜಾಗ. ತೆಳುವಾದ ಬೆಣೆಗಳನ್ನು ಮೂಲೆಗೆ ಎರಡರಂತೆ ಇಟ್ಟು, ಸಣ್ಣ ಸುತ್ತಿಗೆಯಿಂದ ಒಂದೊಂದೇ ಏಟು ಹಾಕಿ. ಪ್ರತಿ ಏಟಿಗೂ ಮುಂಬದಿಯನ್ನು ಬೆರಳಿನಿಂದ ತಟ್ಟಿ ಕೇಳಿ. ಮಂಕು ಸದ್ದು ಹೋಗಿ ತಮಟೆಯಂಥ ನಾದ ಬಂದಾಗ ನಿಲ್ಲಿಸಿ. ಬಟ್ಟೆ ಹರಿದಿದ್ದರೆ ಅದೇ ಬಗೆಯ ಬಟ್ಟೆಯ ತುಂಡೊಂದರ ಅಂಚಿನ ನೂಲುಗಳನ್ನು ಅರ್ಧ ಸೆಂಟಿಮೀಟರ್ ಬಿಡಿಸಿ, ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್ ದ್ರವ) ಹಚ್ಚಿ ಹಿಂದಿನಿಂದ ತೇಪೆ ಹಾಕಿ. ಅಂಚು ಬಿಡಿಸದೆ ಹಾಕಿದ ತೇಪೆಯ ಚೌಕ ಮುಂದೆ ಕಾಣುತ್ತದೆ.

ಬೂಷ್ಟಿನ ವಾಸನೆ ಇದ್ದರೆ ಮೊದಲು ಹೊರಗೆ ಗಾಳಿಗಿಡಿ. ಮಾಸ್ಕ್ ಹಾಕಿಕೊಂಡು ಒಣ ಬ್ರಶ್ಶಿನಿಂದ ಹಿಂಬದಿ ಗುಡಿಸಿ. ಕಪ್ಪು ಚುಕ್ಕೆಗಳು ಮರಕ್ಕೂ ಬಟ್ಟೆಗೂ ಒಳಗಿಳಿದಿದ್ದರೆ ಆ ಕ್ಯಾನ್ವಾಸನ್ನು ಬಿಟ್ಟುಬಿಡಿ.

ನಿಮ್ಮ ಬಿಳಿ ಬಣ್ಣ ಸಿಪ್ಪೆಯಂತೆ ಎದ್ದದ್ದು ಏಕೆಂದು ಈಗ ನಿಮಗೇ ಗೊತ್ತಾಗಿರಬೇಕು. ಹೊಳೆಯುವ ಜೆಲ್ ಗಾಜಿನ ಹಾಗೆ ನುಣುಪು, ಬಣ್ಣಕ್ಕೆ ಅಲ್ಲಿ ಹಿಡಿತವಿಲ್ಲ. ಅದರ ಮೇಲೆ ವರ್ಷಗಳ ಧೂಳು, ಜಿಡ್ಡು, ಹಲವರ ಕೈಯ ಎಣ್ಣೆ. ಮೊದಲು ಆ ಜಿಡ್ಡನ್ನು ತೆಗೆಯೋಣ. ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಮೆತ್ತನೆ ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ, ಸೋಪಿನ ಅಂಶ ಉಳಿಯಬಾರದು. ಒಣಗಿದ ಮೇಲೆ 220 ನಂಬರಿನ ವಾಟರ್ ಪೇಪರನ್ನು (ನೀರಿನಲ್ಲಿ ನೆನೆಸಿ ಉಜ್ಜುವ ಸ್ಯಾಂಡ್ ಪೇಪರ್) ಒದ್ದೆ ಮಾಡಿಕೊಂಡು, ಅಂಗೈ ಸುತ್ತಿಸುತ್ತಾ ಹಗುರವಾಗಿ ಉಜ್ಜಿ. ಒಳಗಿನಿಂದ ಬಟ್ಟೆಗೆ ಆಸರೆಯಾಗಿ ಒಂದು ದಪ್ಪ ಪುಸ್ತಕ ಇಟ್ಟುಕೊಂಡರೆ ಚೌಕಟ್ಟಿನ ಗೆರೆ ಮೂಡುವುದಿಲ್ಲ. ಚಿತ್ರವನ್ನು ಅಳಿಸುವುದು ಗುರಿಯಲ್ಲ, ಹೊಳಪು ಹೋಗಿ ಮಂಕಾಗಬೇಕು ಅಷ್ಟೇ. ಓರೆ ಬೆಳಕಿನಲ್ಲಿ ನೋಡಿದಾಗ ಇನ್ನೂ ಮಿನುಗುವ ಕಡೆ ಮತ್ತೆ ಉಜ್ಜಿ. ಜೆಲ್‌ನ ಗೆರೆಗಳು ಎತ್ತರವಾಗಿದ್ದು ನಿಮಗೆ ಬೇಡವಾದರೆ ಹೆಚ್ಚು ಒರಟಾದ 120 ನಂಬರಿನಿಂದ ಶುರುಮಾಡಿ 220ಕ್ಕೆ ಬನ್ನಿ. ಆದರೆ ಆ ಗೆರೆಗಳನ್ನು ಪೂರ್ತಿ ಸವೆಸಲು ಹೋಗಬೇಡಿ. ಅವುಗಳಿಂದ ಏನು ಪಡೆಯಬಹುದು ಎಂದು ಮುಂದೆ ಹೇಳುತ್ತೇನೆ.

ನೀರಿನ ಪರೀಕ್ಷೆಯಲ್ಲಿ ಶಾಯಿ ಬಿಟ್ಟುಕೊಟ್ಟಿದ್ದರೆ ಇಲ್ಲೊಂದು ಹೆಚ್ಚಿನ ಹೆಜ್ಜೆ ಬೇಕು. ಶಾಯಿ ಜೆಸ್ಸೋದ ನೀರಿನಲ್ಲಿ ಕರಗಿ ಮೇಲೆ ಬಂದು ಬಿಳಿಯನ್ನು ಗುಲಾಬಿ ಮಾಡಿಬಿಡುತ್ತದೆ. ಎಷ್ಟು ಪದರ ಹಚ್ಚಿದರೂ ಅದು ಏಳುತ್ತಲೇ ಇರುತ್ತದೆ. ಅದಕ್ಕೆ ಮೊದಲು ಮ್ಯಾಟ್ ಮೀಡಿಯಂ (ಹೊಳಪಿಲ್ಲದ ಅಕ್ರಿಲಿಕ್ ಮೀಡಿಯಂ) ಅನ್ನು ತೆಳ್ಳಗೆ ಹಚ್ಚಿ, ಉಜ್ಜದೆ ಒಂದೇ ಎಳೆತದಲ್ಲಿ ಬಿಟ್ಟು, ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ ಕೊಡಿ. ಶಾಯಿ ತೀರಾ ಹಠಮಾರಿಯಾಗಿದ್ದರೆ ಸುಲಭವಾದ ಇನ್ನೊಂದು ದಾರಿಯಿದೆ, ನನಗದು ಬಹಳ ಇಷ್ಟ. ಪಿನ್‌ಗಳನ್ನೆಲ್ಲ ಕಿತ್ತು ಬಟ್ಟೆಯನ್ನು ತಿರುಗಿಸಿ, ಮುದ್ರಣದ ಮುಖ ಒಳಗೆ ಹೋಗುವಂತೆ ಅದೇ ಚೌಕಟ್ಟಿಗೆ ಮತ್ತೆ ಬಿಗಿಯಿರಿ. ಏನೂ ಹಚ್ಚದ ಹತ್ತಿಬಟ್ಟೆ ನಿಮ್ಮ ಕಡೆ ಬರುತ್ತದೆ. ಅದಕ್ಕೆ ಜೆಸ್ಸೋ ಹಚ್ಚಿದರೆ ಅಂಟುತ್ತದೋ ಇಲ್ಲವೋ ಎಂಬ ಭಯವೇ ಇಲ್ಲ. ಬಿಗಿಯುವಾಗ ಎದುರುಬದುರು ಬದಿಗಳ ನಡುವಿನಿಂದ ಶುರುಮಾಡಿ ಮೂಲೆಗಳ ಕಡೆ ಹೋಗಬೇಕು, ಇಲ್ಲವಾದರೆ ಸುಕ್ಕು ಬೀಳುತ್ತದೆ.

ಜೆಸ್ಸೋ ಹಚ್ಚುವುದಕ್ಕೆ ಎರಡರಿಂದ ಮೂರು ಇಂಚಿನ ಅಗಲ ಬ್ರಶ್ ಇರಲಿ. ನಿಮ್ಮ ಅಳತೆಗೆ ಒಂದು ಪದರಕ್ಕೆ 60ರಿಂದ 80 ಮಿಲಿ ಆದೀತು. ಬಹಳ ಗಟ್ಟಿಯಾಗಿದ್ದರೆ ತುಸು ನೀರು ಬೆರೆಸಿ, ಹತ್ತು ಭಾಗಕ್ಕೆ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಮೊದಲ ಪದರವನ್ನು ಅಡ್ಡಡ್ಡ, ಎರಡನೆಯದನ್ನು ಉದ್ದುದ್ದ. ನಡುವೆ ಒಂದೆರಡು ಗಂಟೆ ಬಿಡುವು. ಮೂರು ತೆಳು ಪದರಗಳು ಒಂದು ದಪ್ಪ ಪದರಕ್ಕಿಂತ ಗಟ್ಟಿ. ದಪ್ಪಗೆ ಸುರಿದದ್ದು ಮೇಲೆ ಒಣಗಿ ಒಳಗೆ ಹಸಿಯಾಗಿದ್ದು ಬಿರುಕು ಬಿಡುತ್ತದೆ. ಗೋಡೆಗೆ ಬಳಿಯುವ ಬಿಳಿ ಪೇಂಟ್ ಉಳಿದಿದೆ, ಅದನ್ನೇ ಹಚ್ಚಬಹುದೇ ಎಂದು ಬಹಳ ಜನ ಕೇಳುತ್ತಾರೆ. ಅದು ಅಲುಗದ ಗೋಡೆಗೆಂದು ಮಾಡಿದ್ದು. ಕ್ಯಾನ್ವಾಸ್ ಹವೆಯ ತೇವಕ್ಕೆ ತಕ್ಕಂತೆ ದಿನವೂ ಹಿಗ್ಗಿ ಕುಗ್ಗುತ್ತದೆ. ಬೇಡ.

ಮೂರನೆಯ ಪದರ ಹಚ್ಚಿ ಮೂರು ದಿನ ಕಾಯಿರಿ. ಅಕ್ರಿಲಿಕ್ ಮುಟ್ಟಲು ಅರ್ಧ ಗಂಟೆಗೆ ಒಣಗುತ್ತದೆ, ಆದರೆ ಅದರೊಳಗಿನ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿ ಪೊರೆಯಾಗಲು ದಿನಗಳು ಬೇಕು. ಕೋಣೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಆ ಬೆಸುಗೆ ಸರಿಯಾಗಿ ಆಗುವುದೇ ಇಲ್ಲ. ನೀವು ಮೊದಲು ಉಗುರಿನಲ್ಲಿ ಮಾಡಿದ ಪರೀಕ್ಷೆಯನ್ನೇ ಈಗ ಇನ್ನಷ್ಟು ಕಟ್ಟುನಿಟ್ಟಾಗಿ ಮಾಡೋಣ. ಒಂದು ಅಂಚಿನಲ್ಲಿ ಬ್ಲೇಡಿನ ಮೊನೆಯಿಂದ ಜೆಸ್ಸೋ ಮಾತ್ರ ಸೀಳುವಂತೆ, ಬಟ್ಟೆಗೆ ತಾಗದಂತೆ, ಎರಡು ಮಿಲಿಮೀಟರ್ ಅಂತರದಲ್ಲಿ ಐದಾರು ಗೆರೆ ಎಳೆಯಿರಿ. ಅವುಗಳಿಗೆ ಅಡ್ಡವಾಗಿ ಮತ್ತೆ ಐದಾರು. ಸಣ್ಣ ಸಣ್ಣ ಚೌಕಗಳ ಜಾಲರಿ ಆಯಿತಲ್ಲ, ಅದರ ಮೇಲೆ ಅಂಟುಪಟ್ಟಿ ಒತ್ತಿ ಉಜ್ಜಿ, ಸರಕ್ಕನೆ ಎಳೆಯಿರಿ. ಪಟ್ಟಿಗೆ ಏನೂ ಬರದಿದ್ದರೆ ನಿಮ್ಮ ನೆಲ ಗಟ್ಟಿ. ಒಂದೆರಡು ಚೌಕದ ಮೂಲೆ ಬಂದರೂ ಚಿಂತೆಯಿಲ್ಲ. ಚೌಕಗಳೇ ಎದ್ದು ಬಂದರೆ ಅಲ್ಲಿಗೆ ನಿಲ್ಲಿಸಿ, ಬಟ್ಟೆ ತಿರುಗಿಸುವ ದಾರಿ ಹಿಡಿಯಿರಿ. ಮೂರು ದಿನದ ಕೆಲಸ ಹೋದೀತು, ಆದರೆ ಮೂರು ತಿಂಗಳ ಚಿತ್ರ ಉಳಿಯುತ್ತದೆ.

ಇನ್ನು ಏನು ಬರೆಯುವುದು.

ನೀವು ಶಾಲೆ ಬಿಟ್ಟ ಮೇಲೆ ಬ್ರಶ್ ಹಿಡಿದಿಲ್ಲ ಎಂದಿರಿ. ಅದು ಕೊರತೆ ಎಂದು ನನಗೆ ಅನಿಸುವುದಿಲ್ಲ. ಗೋಡೆಯ ಚಿತ್ರ ಮಡಿಲಲ್ಲಿಟ್ಟು ನೋಡುವ ಚಿತ್ರದಂತಲ್ಲ. ಹಾಲ್‌ನಲ್ಲಿ ಅದನ್ನು ಎರಡು ಮೂರು ಮೀಟರ್ ದೂರದಿಂದ, ಓಡಾಡುತ್ತಾ, ಮಾತಾಡುತ್ತಾ ನೋಡುತ್ತಾರೆ. ಆ ದೂರಕ್ಕೆ ಎಲೆಯ ನರ, ಕಣ್ಣಿನ ರೆಪ್ಪೆ ಕಾಣುವುದಿಲ್ಲ. ಕಾಣುವುದು ಮೂರೋ ನಾಲ್ಕೋ ದೊಡ್ಡ ಆಕಾರಗಳು, ಅವುಗಳ ನಡುವಿನ ಕಪ್ಪು ಬಿಳುಪಿನ ಅಂತರ. ಹೊಸಬರು ಸೋಲುವುದು ಚಿತ್ರ ಬರೆಯಲು ಬಾರದೆ ಅಲ್ಲ, ಸಣ್ಣ ಬ್ರಶ್ಶಿನಿಂದ ಸಣ್ಣ ವಿವರಗಳಲ್ಲಿ ಶುರುಮಾಡುವುದರಿಂದ.

ಕ್ಯಾನ್ವಾಸ್ ಮುಟ್ಟುವ ಮೊದಲು ಅದೇ ಅಳತೆಯ ಕಾಗದವನ್ನು ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ರಾತ್ರಿ ದೀಪದಲ್ಲಿ ಅದನ್ನು ನೋಡುತ್ತಾ ಬನ್ನಿ. ಅಡ್ಡ ಬೇಕೋ ಉದ್ದ ಬೇಕೋ, ಆ ಗೋಡೆಗೆ ತಂಪು ಬಣ್ಣ ಹೊಂದುತ್ತದೋ ಬಿಸಿ ಬಣ್ಣವೋ ಎಂಬುದು ತಾನಾಗಿ ಹೊಳೆಯುತ್ತದೆ. ಬಣ್ಣಗಳನ್ನು ಕಾಗದದ ತುಂಡುಗಳಿಗೆ ಹಚ್ಚಿ ಅದೇ ಜಾಗದಲ್ಲಿ ಅಂಟಿಸಿ ನೋಡಿ. 2700 ಕೆಲ್ವಿನ್‌ನ ಹಳದಿ ಬಲ್ಬಿನಡಿ ನೀಲಿ ಬೂದಾಗಿ ಕಾಣಬಹುದು, ಅದು ಚಿತ್ರ ಮುಗಿದ ಮೇಲೆ ಗೊತ್ತಾದರೆ ಬೇಸರ.

ಬಣ್ಣದ ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಟ್ಯೂಬ್ ಬೇಡ. ಅಲ್ಟ್ರಾಮೆರಿನ್ ನೀಲಿ, ಬರ್ನ್ಟ್ ಸಿಯೆನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಟೈಟೇನಿಯಂ ಬಿಳಿ, ಈ ನಾಲ್ಕು ಇರಲಿ. ಕಪ್ಪು ಕೊಳ್ಳಬೇಡಿ. ನೀಲಿಯ ಪಕ್ಕ ಸಿಯೆನಾ ಇಟ್ಟು ಚಾಕುವಿನಿಂದ ಒಂದಿಷ್ಟೇ ಎಳೆದು ಬೆರೆಸಿ ನೋಡಿ. ಮೊದಲು ಕೆಸರಿನಂತೆ ಕಾಣುತ್ತದೆ, ಇನ್ನೊಂದು ಸುತ್ತು ಬೆರೆಸಿದರೆ ಇದ್ದಕ್ಕಿದ್ದಂತೆ ಆಳವಾದ ಕಪ್ಪಾಗುತ್ತದೆ. ನೀಲಿ ಹೆಚ್ಚಾದರೆ ರಾತ್ರಿಯ ಕಪ್ಪು, ಸಿಯೆನಾ ಹೆಚ್ಚಾದರೆ ಒದ್ದೆ ಮಣ್ಣಿನ ಕಪ್ಪು. ಅದಕ್ಕೆ ಬಿಳಿ ಸೇರಿಸುತ್ತಾ ಹೋದಂತೆ ಒಂದೇ ಹೆತ್ತವರ ಮಕ್ಕಳಂಥ ಬೂದು ಬಣ್ಣಗಳು ಸಾಲುಗಟ್ಟಿ ಬರುತ್ತವೆ. ಎಲ್ಲವೂ ನಾಲ್ಕೇ ಬಣ್ಣದಿಂದ ಹುಟ್ಟಿದ್ದರಿಂದ ಚಿತ್ರದಲ್ಲಿ ಯಾವುದೂ ಕಿರುಚುವುದಿಲ್ಲ. ಬೇಕೆನಿಸಿದರೆ ಕೊನೆಗೆ ಒಂದು ಉಜ್ವಲ ಬಣ್ಣವನ್ನು, ಒಂದೇ ಜಾಗದಲ್ಲಿ ಇಡಿ.

ಬಿಳಿ ಜೆಸ್ಸೋದ ಮೇಲೆ ನೇರವಾಗಿ ಶುರುಮಾಡಬೇಡಿ. ಓಕರ್ ಮತ್ತು ಸಿಯೆನಾವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಸವರಿ, ಬಟ್ಟೆಯಿಂದ ಒರೆಸಿಬಿಡಿ. ಬೆಚ್ಚನೆಯ ನಸುಗಂದು ನೆಲ ಸಿಗುತ್ತದೆ. ಇಲ್ಲಿ ನಿಮ್ಮ ಹಳೆಯ ಜೆಲ್ ಗೆರೆಗಳು ಕೆಲಸಕ್ಕೆ ಬರುತ್ತವೆ. ಒರೆಸಿದಾಗ ಉಬ್ಬುಗಳ ಮೇಲಿನ ಬಣ್ಣ ಹೋಗಿ ಸಂದುಗಳಲ್ಲಿ ಉಳಿಯುತ್ತದೆ. ಯಾರೋ ಯಾವುದೋ ಹೂವಿಗೆಂದು ಎಳೆದ ಗೆರೆಗಳು ಗಾಳಿಯ ದಿಕ್ಕಾಗಿಯೋ ಬಂಡೆಯ ಮೈಯಾಗಿಯೋ ಕಾಣತೊಡಗುತ್ತವೆ. ಗೆರೆಗಳು ಹೆಚ್ಚಾಗಿ ಯಾವ ಕಡೆ ಓಡುತ್ತಿವೆ ಎಂದು ನೋಡಿ. ಅಡ್ಡ ಓಡುತ್ತಿದ್ದರೆ ನೀರು, ಬಯಲು, ಮೋಡ. ಮೇಲಕ್ಕೆ ಓಡುತ್ತಿದ್ದರೆ ಮರದ ಕಾಂಡ, ಮಳೆ. ಸುತ್ತು ಹೊಡೆಯುತ್ತಿದ್ದರೆ ಅದೇ ಹೂವನ್ನೇ ದೊಡ್ಡದು ಮಾಡಿ, ಒಂದೆರಡು ಎಸಳುಗಳಿಂದಲೇ ಕ್ಯಾನ್ವಾಸ್ ತುಂಬಿಸಿ. ಇಂಥ ಮೈಯ ಮೇಲೆ ಮನುಷ್ಯರ ಮುಖ ಮಾತ್ರ ಬರೆಯಬೇಡಿ, ಕೆನ್ನೆಯ ಮೇಲೆ ಹಳೆಯ ಎಸಳಿನ ಅಂಚು ಗಾಯದಂತೆ ಕಾಣುತ್ತದೆ.

ಹೂದಾನಿಯ ಯಾವುದೋ ಒಂದು ಮೂಲೆ ನಿಮಗೆ ಮೆಚ್ಚುಗೆಯಾಗಿದ್ದರೆ ಅದನ್ನು ಹಾಗೇ ಬಿಡುವುದೂ ಉಂಟು. ಆ ಭಾಗಕ್ಕೆ ಜೆಸ್ಸೋ ಬದಲು ಮ್ಯಾಟ್ ಮೀಡಿಯಂ ಹಚ್ಚಿ, ನಿಮ್ಮ ಬಣ್ಣ ಅದರ ಸುತ್ತ ಬಂದು ನಿಲ್ಲಲಿ. ಆದರೆ ಆ ಹಳೆಯ ಚಿತ್ರ ಇನ್ನೊಬ್ಬರದು ಎಂಬ ನೆನಪಿರಲಿ. ನಿಮ್ಮ ಮನೆಯ ಗೋಡೆಗಾದರೆ ಪರವಾಗಿಲ್ಲ, ಪೂರ್ತಿ ನಿಮ್ಮದೇ ಎಂದು ಹೇಳಿ ಮಾರಬಾರದು.

ಬರೆಯುವಾಗ ಮೊದಲ ಅರ್ಧ ಗಂಟೆ ದೊಡ್ಡ ಬ್ರಶ್ ಬಿಟ್ಟು ಬೇರೆ ಮುಟ್ಟಬೇಡಿ. ಕಡುಗಪ್ಪಿನ ಜಾಗಗಳನ್ನು ಮೊದಲು ಕೂರಿಸಿ, ಆಮೇಲೆ ನಡುವಿನವು, ತೀರಾ ಬೆಳಗುವವು ಕೊನೆಗೆ. ಹತ್ತು ನಿಮಿಷಕ್ಕೊಮ್ಮೆ ಮೂರು ಮೀಟರ್ ಹಿಂದೆ ಹೋಗಿ ಕಣ್ಣನ್ನು ಅರೆಮುಚ್ಚಿ ನೋಡಿ. ಅರೆಮುಚ್ಚಿದ ಕಣ್ಣಿಗೆ ಆಕಾರಗಳು ಬೇರೆಬೇರೆಯಾಗಿ ಕಂಡರೆ ಚಿತ್ರ ಸರಿಯಾಗಿ ನಡೆಯುತ್ತಿದೆ. ಎಲ್ಲ ಒಂದೇ ಮಬ್ಬಾಗಿ ಕಂಡರೆ ಕಪ್ಪು ಇನ್ನೂ ಕಪ್ಪಾಗಬೇಕು. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ, ಆದ್ದರಿಂದ ಬೆಳಕಿನ ಬಣ್ಣಗಳನ್ನು ತುಸು ಹೆಚ್ಚೇ ತಿಳಿಯಾಗಿ ಬೆರೆಸಿ. ಕ್ಯಾನ್ವಾಸಿನ ಬದಿಗಳಿಗೂ ಬಣ್ಣ ಬಳಿಯಲು ಮರೆಯಬೇಡಿ. ಹಳೆಯ ಹೂವಿನ ಮುದ್ರಣ ಬದಿಯಲ್ಲಿ ಇಣುಕಿದರೆ ಇಡೀ ಕೆಲಸ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ.

ಮುಗಿದ ಮೇಲೆ ಎರಡು ವಾರ ಧೂಳಿಲ್ಲದ ಕಡೆ ಇಟ್ಟು, ಆಮೇಲೆ ಅಕ್ರಿಲಿಕ್‌ಗೆಂದೇ ಇರುವ ವಾರ್ನಿಶ್ ಎರಡು ತೆಳು ಪದರ ಕೊಡಿ. ಉಬ್ಬು ಗೆರೆಗಳಿರುವ ಮೈಗೆ ಪೂರ್ತಿ ಹೊಳಪು ಬೇಡ, ದೀಪದ ಬೆಳಕು ಪ್ರತಿ ಉಬ್ಬಿನಲ್ಲೂ ಮಿಂಚಿ ಚಿತ್ರ ಕಾಣದಂತಾಗುತ್ತದೆ. ನಸುಹೊಳಪಿನ ಸ್ಯಾಟಿನ್ ವಾರ್ನಿಶ್ ಒಳ್ಳೆಯದು. ತೂಗುಹಾಕಲು ಡಿ ಆಕಾರದ ಎರಡು ಉಂಗುರಗಳನ್ನು ಚೌಕಟ್ಟಿನ ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ತಿರುಪಿ, ಗೋಡೆಯಲ್ಲಿ ಎರಡು ಕೊಕ್ಕೆ ಹಾಕಿ. ಒಂದೇ ಮೊಳೆಗೆ ಹಾಕಿದ ಚಿತ್ರ ವಾರಕ್ಕೊಮ್ಮೆ ಓರೆಯಾಗುತ್ತದೆ. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರಕ್ಕೆ ಬರಲಿ. ಕೆಳಗಿನ ಮೂಲೆಗಳ ಹಿಂದೆ ಎರಡು ಬಿರಡೆ ಚೂರು ಅಂಟಿಸಿದರೆ ಗೋಡೆಗೂ ಬಟ್ಟೆಗೂ ನಡುವೆ ಗಾಳಿಯಾಡುತ್ತದೆ, ಬೂಷ್ಟು ಹಿಡಿಯುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ.

ತೂಗುಹಾಕುವ ಮೊದಲು ಹಿಂದಿನ ಮರದ ಪಟ್ಟಿಯ ಮೇಲೆ, ಬಟ್ಟೆಯ ಮೇಲಲ್ಲ, ಪೆನ್ಸಿಲ್‌ನಿಂದ ಒಂದೆರಡು ಸಾಲು ಬರೆದಿಡಿ: ಕೆಳಗೆ ಮುದ್ರಿತ ಹೂದಾನಿ, ಮೇಲೆ ಅಕ್ರಿಲಿಕ್ ಜೆಸ್ಸೋ ಮೂರು ಪದರ, ಅದರ ಮೇಲೆ ಅಕ್ರಿಲಿಕ್, ಇಂಥ ವರ್ಷ, ನಿಮ್ಮ ಹೆಸರು. ಮುಂದೊಂದು ದಿನ ಈ ಕ್ಯಾನ್ವಾಸ್ ಇನ್ನೊಬ್ಬರ ಕೈಗೆ ಹೋದರೆ, ಅವರು ಹತ್ತಿಕಡ್ಡಿ ಹಿಡಿದು ಊಹಿಸುತ್ತಾ ಕೂರಬೇಕಾಗಿಲ್ಲ.